ಆಧುನಿಕ ಯುಗಾರಂಭದ ಕೋವಿ: ಅದರ ಯಂತ್ರ ಮತ್ತು ಪರಿಕರಗಳು

ಯುದ್ಧಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಸೇನೆಗಳ ಸಂಖ್ಯೆಯನ್ನೂ ಸೇನಾಪತಿಗಳ ಹೆಸರುಗಳನ್ನೂ ಕೋವಿ ಫಿರಂಗಿಗಳ ಲೆಕ್ಕವನ್ನೂ ಕೊಟ್ಟು ಮುಂದೆ ಸಾಗುತ್ತಾರೆ. ಒಂದು ಪಕ್ಷಕ್ಕೆ ಕೋವಿಗಳಿದ್ದುವು, ಇನ್ನೊಂದಕ್ಕೆ ಇರಲಿಲ್ಲ, ಅಥವಾ ಇದ್ದುವು ಹಳೆಯ ಮಾದರಿಯವು. ಆದುದರಿಂದ ಗೆಲವು ಸೋಲುಗಳು ಹೀಗಾದುವು ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ವಿದ್ಯಾರ್ಥಿಗಳು ಅದನ್ನು ಹಾಗೆಯೇ ಒಪ್ಪಿಕೊಳ್ಳುತ್ತಾರೆ. ಕೋವಿಯು ಹೇಗೆ ಹೊತ್ತಿಕೊಳ್ಳುತ್ತಿದ್ದಿತು, ಅದನ್ನು ಹಿಡಿದವನು ತನ್ನ ಮೈಮೇಲೆ ಇನ್ನೇನೇನು ಹೊರಬೇಕಾಗಿದ್ದಿತು, ಮಳೆ ಬಂದರೆ ಅವನ ಗತಿಯೇನು ಎಂಬ ಪ್ರಶ್ನೆಗಳನ್ನು ಕೇಳುವವರು ವಿರಳ.

ಕ್ರಿ. ಶ. 15ನೆಯ ಶತಮಾನದಿಂದ 18ನೆಯ ಶತಮಾನದವರೆಗಿನ ಕೈಕೋವಿಯ ಯಂತ್ರರಚನೆಯನ್ನೂ ಪರಿಕರಗಳನ್ನೂ ಈ ಲೇಖನದಲ್ಲಿ ನಾವು ಪರಿಶೀಲಿಸಲು ಉದ್ದೇಶಿಸಿದ್ದೇವೆ. ಕೋವಿಯೆಂದರೆ ಕಬ್ಬಿಣದ ನಳಿಗೆಯೊಂದೇ ಅಲ್ಲ. ಬತ್ತಿ, ರಂಜಕ, ಗಜ, ಮದ್ದಿನ ಕೊಂಬು, ಚಕಮಕಿ ಕಲ್ಲು ಇವೆಲ್ಲ ಸೇರಿದಾಗಲೇ ಅದು ಆಯುಧವಾಗುವುದು. ಈ ಮೂರು ನಾಲ್ಕು ಶತಮಾನಗಳಲ್ಲಿ ನಳಿಗೆಯು ಬದಲಾದುದು ಸ್ವಲ್ಪ. ಹೊತ್ತಿಸುವ ವಿಧಾನವೂ ಪರಿಕರಗಳೂ ಬದಲಾದುದು ಬಹಳ. ಸೈನ್ಯದ ವ್ಯೂಹ, ಕವಾಯತು, ಗೆಲವು ಸೋಲುಗಳು ಅನೇಕ ವೇಳೆ ಈ ಸಣ್ಣ ವಸ್ತುಗಳನ್ನೇ ಅವಲಂಬಿಸಿದ್ದುವು ಎಂಬುದನ್ನು ತೋರಿಸುವುದೇ ನಮ್ಮ ಮುಖ್ಯೋದ್ದೇಶ. ಯೂರೋಪಿನ ನಿದರ್ಶನಗಳನ್ನು ಮೊದಲು ನೋಡಿ, ಅವುಗಳಿಂದ ದೊರೆತ ತಿಳಿವಳಿಕೆಯಿಂದ ಕೊನೆಯಲ್ಲಿ ನಮ್ಮ ದೇಶದ ಬತ್ತಿಕೋವಿಯ ವಿಷಯವನ್ನು ವಿಚಾರ ಮಾಡುತ್ತೇವೆ.

1. ಮದ್ದು ಮತ್ತು ನಳಿಗೆ

ಕೋವಿಮದ್ದು ಪೆಟ್ಲುಪ್ಪು, ಗಂಧಕ, ಇದ್ದಿಲು ಎಂಬ ಮೂರು ದ್ರವ್ಯಗಳ ಮಿಶ್ರಣ. ಪ್ರಮಾಣವು ಕಾಲದಿಂದ ಕಾಲಕ್ಕೆ ಬದಲಾಗುತ್ತ ಬಂದು, 18ನೆಯ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲೆಂಡಿನಲ್ಲಿ ನೂರು ಪಾಲಿಗೆ ಪೆಟ್ಲುಪ್ಪು 75, ಇದ್ದಿಲು 15, ಗಂಧಕ 10 ಎಂಬ ಮಟ್ಟಿಗೆ ನೆಲೆಗೊಂಡಿತು. ಮೊದಮೊದಲು ಈ ಮೂರನ್ನೂ ಒಣಗಿದ ಪುಡಿಯಾಗಿಯೇ ಬೆರಸುತ್ತಿದ್ದರು. ಗಾಡಿಯಲ್ಲಿ ಸಾಗಿಸುವಾಗ ಕುಲುಕಾಟದಿಂದ ಆ ಪುಡಿ ಬೇರೆ ಬೇರೆಯಾಗಿಬಿಡುತ್ತಿದ್ದಿತು. ತೇವವನ್ನೂ ಬೇಗನೆ ಹೀರುತ್ತಿದ್ದಿತು. ಮಿಶ್ರಣವನ್ನು ಒದ್ದೆಮಾಡಿ, ಉಂಡೆಕಟ್ಟಿ, ಒಣಗಿಸಿ, ಜರಡಿ ಹಿಡಿದು ಕಾಳುಗಳನ್ನಾಗಿ ಮಾಡುವ ಕ್ರಮವು 15ನೆಯ ಶತಮಾನದಲ್ಲಿ ಯೂರೋಪಿನಲ್ಲಿ ಬಳಕೆಗೆ ಬಂದಿತು. ಕಾಳುಗಳ ನಡುವೆ ಗಾಳಿಗೆ ಎಡೆಯಿರುವುದರಿಂದ ಮದ್ದು ಒಮ್ಮೆಗೇ ಉರಿದು ಹೆಚ್ಚು ಬಲವನ್ನು ಕೊಡುತ್ತಿದ್ದಿತು. ದಪ್ಪ ಕಾಳು ನಳಿಗೆಯೊಳಕ್ಕೆ. ನುಣ್ಣಗಿನ ಕಾಳು ರಂಜಕಕ್ಕೆ, ಅಂದರೆ ಕಿಡಿಯನ್ನು ಮೊದಲು ಹಿಡಿಯುವ ಮದ್ದಿಗೆ.

ಅತ್ಯಂತ ಹಳೆಯ ಕೈಕೋವಿ ಒಂದು ಕಡೆ ಮುಚ್ಚಿದ ಲೋಹದ ನಳಿಗೆ. ಅದಕ್ಕೊಂದು ಮರದ ಕಾವು. ನಳಿಗೆಯ ಹಿಂಭಾಗದಲ್ಲಿ ಸಣ್ಣ ರಂಧ್ರ, ಅಂದರೆ ಕಿವಿ. ಒಂದು ಕೈಯಲ್ಲಿ ಕಾವನ್ನು ಹಿಡಿದು, ಇನ್ನೊಂದು ಕೈಯಲ್ಲಿ ಕಾಯ್ದ ಕಂಬಿಯನ್ನೋ ಉರಿಯುವ ಬತ್ತಿಯನ್ನೋ ಕಿವಿಗೆ ಮುಟ್ಟಿಸಬೇಕಾಗಿದ್ದಿತು. ಕಣ್ಣು ಕಿವಿಯ ಮೇಲಿದ್ದರೆ ಗುರಿಯ ಮೇಲಿರದು. ಗುರಿಯ ಮೇಲಿದ್ದರೆ ಬತ್ತಿ ಕಿವಿಗೆ ತಗಲದು. ಎರಡು ಕೈಗಳಿಂದಲೂ ಕೋವಿಯನ್ನು ಹಿಡಿದು, ಗುರಿಯನ್ನು ನೋಡುತ್ತಲೇ ಬೆಂಕಿಯನ್ನು ಮುಟ್ಟಿಸುವುದು ಹೇಗೆ? ಮುಂದಿನ ಯಂತ್ರಗಳೆಲ್ಲ ಈ ಒಂದು ಪ್ರಶ್ನೆಗೆ ಕೊಟ್ಟ ಉತ್ತರಗಳೇ.

2. ಬತ್ತಿಯ ಕೋವಿ

ಮೊದಲನೆಯ ಉತ್ತರವು ವಿಯೆನ್ನಾದಲ್ಲಿರುವ, 1411ರ ಕಾಲದ ಹಸ್ತಪ್ರತಿಯೊಂದರ ಚಿತ್ರದಲ್ಲಿ ಕಾಣಬರುತ್ತದೆ. ಹಾವಿನಂತೆ ಬಾಗಿದ ಒಂದು ಕೊಕ್ಕೆ. ಅದರ ನಡುವೆ ಒಂದು ಮೊಳೆ. ಮೇಲಿನ ತುದಿಯಲ್ಲಿ ಬತ್ತಿಯನ್ನು ಸಿಕ್ಕಿಸಿ, ಕೆಳಗಿನ ತುದಿಯನ್ನು ಬೆರಳುಗಳಿಂದ ಒತ್ತಿದರೆ ಬತ್ತಿಯು ಬಾಗಿ ಕಿವಿಯನ್ನು ಮುಟ್ಟುತ್ತದೆ. ಏತದ ಮರದಂತೆ ಇದು ಅತಿ ಸರಳವಾದ ಸನ್ನೆ. ಆದರೂ ಇದರಿಂದ ಕೋವಿಯನ್ನು ಭುಜಕ್ಕಾಗಲಿ ಎದೆಗಾಗಲಿ ಒತ್ತಿಹಿಡಿದು ಗುರಿಯಿಡುವುದು ಸಾಧ್ಯವಾಯಿತು.

ಕಾಲಕ್ರಮದಲ್ಲಿ ಈ ಸನ್ನೆಯನ್ನು ಮರದ ಒಡಲಿನೊಳಗೆ ಅಡಗಿಸಿ, ಲೋಹದ ತಗಡಿನ ಮೇಲೆ ಒಂದು ಸಣ್ಣ ಯಂತ್ರವನ್ನಾಗಿ ಕೂಡಿಸಿದರು. ಹೊರಗೆ ಕಾಣುವುದು ಬತ್ತಿಯನ್ನು ಕಚ್ಚಿಕೊಂಡಿರುವ ಕುದುರೆ. ಒಳಗೆ ಕುದುರೆಯನ್ನು ಕೀಲಿಗೆ ಜೋಡಿಸುವ ಒಂದು ಸಲಾಕೆ. ಕೈಬಿಟ್ಟಾಗ ಕುದುರೆಯನ್ನು ಹಿಂದಕ್ಕೆ ತಳ್ಳುವ ಒಂದು ಮೆತುವಾದ ಸ್ಪ್ರಿಂಗು. ಕಿವಿಯ ಪಕ್ಕದಲ್ಲಿ ರಂಜಕವನ್ನು ತುಂಬುವ ಬಟ್ಟಲು. ಅದಕ್ಕೆ ಪಕ್ಕಕ್ಕೆ ಸರಿಯುವ ಮುಚ್ಚಳ. ಈ ಮುಚ್ಚಳವಿಲ್ಲದಿದ್ದರೆ ಗಾಳಿಗೆ ರಂಜಕ ಹಾರಿಹೋಗುತ್ತಿದ್ದಿತು. ಮೇಲಾಗಿ, ಉರಿಯುವ ಬತ್ತಿಯ ಕಿಡಿ ಅಕಾಲದಲ್ಲಿ ಬಿದ್ದು ಕೋವಿ ತಾನಾಗಿ ಹಾರುತ್ತಿದ್ದಿತು. ಎಷ್ಟೋ ವೇಳೆ ಬಟ್ಟಲಿನ ರಂಜಕ ಮಾತ್ರ ಧಗ್ಗನೆ ಉರಿದು, ಬೆಂಕಿ ಕಿವಿಯ ಮೂಲಕ ಒಳಗೆ ಹೋಗುತ್ತಲೇ ಇರಲಿಲ್ಲ. ಅಂತಹ ಸಮಯಕ್ಕೆಂದು ಕಿವಿಯನ್ನು ಚುಚ್ಚಿ ಶುದ್ಧಮಾಡುವ ಸೂಜಿಯೊಂದು ಪ್ರತಿಯೊಬ್ಬನ ಬಳಿಯಲ್ಲಿಯೂ ಇರಬೇಕಾಗಿದ್ದಿತು.

ಇನ್ನು ಬತ್ತಿ. ಇದು ಸೆಣಬಿನ ಅಥವಾ ಅಗಸೆನಾರಿನ ಹುರಿ. ಪೆಟ್ಲುಪ್ಪಿನ ನೀರಿನಲ್ಲಿ ನೆನೆಸಿ ಒಣಗಿಸಿದುದರಿಂದ ಜ್ವಾಲೆಯಿಲ್ಲದೆ ಕೆಂಡವಾಗಿ ನಿಧಾನವಾಗಿ ಉರಿಯುವುದು. ಗಂಟೆಗೆ ಸುಮಾರು ನಾಲ್ಕೈದು ಅಂಗುಲ ಸವೆಯುವುದು. ಒಂದು ತುದಿ ಆರಿದರೆ ಇನ್ನೊಂದಿರಲಿ ಎಂದು ಸೈನಿಕರು ಅದರ ಎರಡು ತುದಿಗಳನ್ನೂ ಹೊತ್ತಿಸಿಕೊಳ್ಳುತ್ತಿದ್ದರು. ಸಾವಿರ ಮಂದಿ ಕೋವಿಕಾರರು ಒಂದು ರಾತ್ರಿ ಎಚ್ಚರದಲ್ಲಿರಬೇಕಾದರೆ, ಒಂದು ಗುಂಡನ್ನೂ ಹಾರಿಸದೆಯೇ, ಸಾವಿರಾರು ಅಡಿ ಹುರಿ ಬೂದಿಯಾಗುತ್ತಿದ್ದಿತು. ಬತ್ತಿಯ ತುದಿಯಲ್ಲಿ ಬೂದಿ ಕಟ್ಟಿಕೊಂಡರೆ ರಂಜಕ ಹೊತ್ತದು. ಆದುದರಿಂದ ಹೊಡೆಯುವ ಮೊದಲು ಪ್ರತಿ ಸಾರಿಯೂ ಊದಿ ಕೆಂಡವನ್ನು ಕೆಂಪಗೆ ಮಾಡಿಕೊಳ್ಳಬೇಕು. ಬತ್ತಿಯು ಸವೆದಂತೆಲ್ಲ ಕುದುರೆಯ ಬಾಯಿಂದ ಅದನ್ನು ಮುಂದಕ್ಕೆ ಎಳೆದುಕೊಂಡು ಬಟ್ಟಲಿಗೆ ಸರಿಯಾಗಿ ತಾಗುವುದೋ ಇಲ್ಲವೋ ಎಂದು ಅಳೆದು ನೋಡಬೇಕು. ಕತ್ತಲಲ್ಲಿ ಈ ಕೆಂಡಗಳು ಶತ್ರುವಿಗೆ ದೂರದಿಂದ ಕಾಣುತ್ತಿದ್ದುವು. ಅದನ್ನು ಮರೆಮಾಡಲು ಸಣ್ಣ ರಂಧ್ರಗಳುಳ್ಳ ತಗಡಿನ ಕೊಳವೆಯೊಳಗೆ ಬತ್ತಿಯನ್ನು ಇರಿಸಿಕೊಳ್ಳುವ ಉಪಾಯವೂ ಬಳಕೆಯಲ್ಲಿದ್ದಿತು.

3. ಕೋವಿಕಾರನ ಮೈಮೇಲಿನ ಪರಿಕರಗಳು

ಈ ಕಾಲದ ಕೋವಿಕಾರನನ್ನು ಕಣ್ಣಾರೆ ಕಂಡಂತೆ ತಿಳಿಯಲು ನಮಗಿರುವ ಉತ್ತಮ ಸಾಧನವೆಂದರೆ ಯಾಕೋಬ್ ದ ಗೇನ್ ಎಂಬ ಡಚ್ ಚಿತ್ರಕಾರನು 1607ರಲ್ಲಿ ಪ್ರಕಟಿಸಿದ ಕವಾಯತಿನ ಗ್ರಂಥ. ಅದರಲ್ಲಿ 117 ತಾಮ್ರಪಟಚಿತ್ರಗಳಿವೆ: ಹಗುರವಾದ ಕೋವಿಗೆ 42, ಭಾರವಾದ ಮಸ್ಕೆಟ್ಟಿಗೆ 43, ಉದ್ದನೆಯ ಈಟಿಗೆ 32. ಈಟಿಯು ನೂರಾರು ವರ್ಷಗಳ ಆಯುಧ. ಅದನ್ನು ಹಿಡಿಯಲು ಕಲಿಸುವುದಕ್ಕಿಂತ ಕೋವಿಯನ್ನು ತುಂಬಿ ಹೊಡೆಯುವುದನ್ನು ಕಲಿಸಲು ಹೆಚ್ಚು ಚಿತ್ರಗಳು ಬೇಕಾದುವೆಂಬುದು ಗಮನಾರ್ಹ. ಬತ್ತಿಯನ್ನು ತೆಗೆಯುವುದು, ಬಟ್ಟಲನ್ನು ಊದುವುದು, ರಂಜಕ ಹಾಕುವುದು, ಮುಚ್ಚುವುದು, ಹೆಚ್ಚಾದುದನ್ನು ಕೊಡವುವುದು, ಮದ್ದು ಸುರಿಯುವುದು, ಗಜವನ್ನು ಎಳೆಯುವುದು, ಗಟ್ಟಿಸುವುದು, ಗಜವನ್ನು ಹಿಂದಿರುಗಿಸುವುದು ಹೀಗೆ ಒಂದೊಂದು ಚಲನೆಗೂ ಒಂದೊಂದು ಚಿತ್ರ, ಒಂದೊಂದು ಆಜ್ಞೆ.

ಆ ಚಿತ್ರಗಳಲ್ಲಿರುವ ಮಸ್ಕೆಟ್ಟಿನವನ ಹೊರೆಯನ್ನು ಎಣಿಸೋಣ. ಕೋವಿಯ ತೂಕವೇ 15ರಿಂದ 20 ಪೌಂಡು. ಅದನ್ನು ಎತ್ತಿ ಹಿಡಿಯಲಾರದೆ ಮುಂದೆ ಊರಿಕೊಳ್ಳಲು ಒಂದು ಕವೆಗೋಲು. ಎಡಹೆಗಲಿನಿಂದ ಸೊಂಟಕ್ಕೆ ಇಳಿಬಿದ್ದ ಚರ್ಮದ ಪಟ್ಟಿ. ಅದರಿಂದ ತೂಗಾಡುವ, ಒಂದೊಂದು ಹೊಡೆತಕ್ಕೆ ಸಾಲುವಷ್ಟು ಮದ್ದನ್ನು ಅಳೆದು ತುಂಬಿದ ಮರದ ಸಣ್ಣ ಕರಡಿಗೆಗಳು, ಅನೇಕ ವೇಳೆ ಹನ್ನೆರಡು. ರಂಜಕಕ್ಕೆ ಬೇರೆ ಸಣ್ಣ ಬುರುಡೆ. ಗುಂಡುಗಳಿಗೆ ಚರ್ಮದ ಚೀಲ. ಕೈಗೆ ಸುತ್ತಿಕೊಂಡ ಬತ್ತಿ. ಹಗುರವಾದ ಕೋವಿಯುಳ್ಳವನು ಹೆಗಲಪಟ್ಟಿಗೆ ಬದಲಾಗಿ ಮದ್ದಿನ ಬುರುಡೆಯನ್ನೇ ಒಯ್ಯುತ್ತಿದ್ದನು. ಅದರ ಮೂತಿಯಲ್ಲಿ ಒಂದು ಕವಾಟ. ಮೂತಿಯನ್ನು ಬೆರಳಿನಿಂದ ಮುಚ್ಚಿ, ಬುರುಡೆಯನ್ನು ತಲೆಕೆಳಗು ಮಾಡಿ, ಕವಾಟವನ್ನು ತೆರೆದು ಮುಚ್ಚಿದರೆ ಮೂತಿಯಲ್ಲಿ ನಿಂತ ಮದ್ದೇ ಒಂದು ಹೊಡೆತದ ಅಳತೆ. ಗುಂಡು ನಳಿಗೆಯಲ್ಲಿ ಸಿಕ್ಕಿಕೊಂಡರೆ ಹೊರಗೆಳೆಯಲು ಗಜದ ತುದಿಗೆ ತಿರುಗಿಸಿ ಕೂಡಿಸುವ ತಿರುಪು. ಸೀಸವನ್ನು ಕರಗಿಸಿ ಗುಂಡು ಎರೆಯಲು ಇಕ್ಕಳದಂತಹ ಅಚ್ಚು. ಪ್ರತಿಯೊಂದು ಕೋವಿಯ ನಳಿಗೆಯೂ ಬೇರೆ ಬೇರೆ ಅಳತೆಯದಾಗಿದ್ದಾಗ ಪ್ರತಿಯೊಂದಕ್ಕೂ ಅದರದೇ ಅಚ್ಚು ಬೇಕಾಗಿದ್ದಿತು. ಡಚ್ಚರು 16ನೆಯ ಶತಮಾನದ ಕೊನೆಯಲ್ಲಿ ಕೋವಿಗಳ ಅಳತೆಯನ್ನು ಒಂದೇ ಸಮನಾಗಿ ಗೊತ್ತುಮಾಡಿದುದು ಈ ಕಾರಣದಿಂದಲೇ.

ಈ ಹೊರೆಯಿಂದ ಒದಗುತ್ತಿದ್ದ ಅಪಾಯಗಳು ಸಣ್ಣವಲ್ಲ. ಆರರಿಯ ಅರ್ಲ್ ಆದ ರೋಜರ್ ಬಾಯ್ಲ್ ಎಂಬ ಸೇನಾನಿಯು 1677ರ ತನ್ನ ಯುದ್ಧಕಲೆಯ ಗ್ರಂಥದಲ್ಲಿ ಹೆಗಲಪಟ್ಟಿಯ ದೋಷಗಳನ್ನು ಎತ್ತಿ ತೋರಿಸಿದ್ದಾನೆ. ಮರದ ಕರಡಿಗೆಗಳು ಒಂದಕ್ಕೊಂದು ತಗಲಿ ಖಟಖಟ ಸದ್ದು ಮಾಡುವುವು, ಅವು ಅನೇಕ ವೇಳೆ ಬೆಂಕಿ ಹತ್ತಿಕೊಂಡು ಧರಿಸಿದವನನ್ನೂ ಪಕ್ಕದವನನ್ನೂ ಗಾಯಗೊಳಿಸುವುವು ಎಂಬುದು ಅವನ ಆಕ್ಷೇಪಣೆ. ಹನ್ನೆರಡು ಕರಡಿಗೆ ಮದ್ದನ್ನು ಎದೆಯ ಮೇಲೆ ತೂಗಿಕೊಂಡು, ಎರಡು ಕಡೆಯೂ ಉರಿಯುವ ಹುರಿಯನ್ನು ಕೈಯಲ್ಲಿ ಹಿಡಿದು ನಿಲ್ಲುವವನ ಸ್ಥಿತಿಯನ್ನು ನಾವು ಊಹಿಸಿಕೊಂಡರೆ ಕವಾಯತಿನ ಗ್ರಂಥಗಳ ಕಟ್ಟುನಿಟ್ಟು ಅರ್ಥವಾಗುತ್ತದೆ. ಆ ಶಿಸ್ತು ಮೆರವಣಿಗೆಯ ಅಲಂಕಾರಕ್ಕಾಗಿ ಬಂದುದಲ್ಲ. ಪಕ್ಕದವನನ್ನು ಸುಡದಿರಲು ಬಂದುದು. ಇದರಿಂದಲೇ ಬತ್ತಿಕೋವಿಯವರು ಒಬ್ಬರಿಂದೊಬ್ಬರು ಸಾಕಷ್ಟು ದೂರ ನಿಲ್ಲಬೇಕಾಗಿದ್ದಿತು; ಮೇಲೆ ಹೇಳಿದ ಚಲನೆಗಳಿಗೆಲ್ಲ ಕಾಲ ಹಿಡಿಯುತ್ತಿದ್ದುದರಿಂದ ಒಂದರ ಹಿಂದೆ ಒಂದಾಗಿ ಹಲವು ಸಾಲುಗಳು ಬೇಕಾಗಿದ್ದುವು. 1594ರ ಡಿಸೆಂಬರ್ 8ರಂದು ನಸ್ಸೌ ಮನೆತನದ ವಿಲಿಯಂ ಲೂಯಿಯು ತನ್ನ ಬಂಧು ಮಾರಿಸನಿಗೆ ಬರೆದ ಪತ್ರದಲ್ಲಿ, ಮುಂದಿನ ಸಾಲು ಹೊಡೆದು ಹಿಂದಕ್ಕೆ ಸರಿದು ತುಂಬಿಕೊಳ್ಳುವಷ್ಟರಲ್ಲಿ ಎರಡನೆಯ ಸಾಲು ಹೊಡೆಯುವ ಪ್ರಖ್ಯಾತ ಕ್ರಮವನ್ನು ಸೂಚಿಸಿದನು. ಪ್ರಾಚೀನ ಗ್ರೀಕ್ ರೋಮನ್ ಗ್ರಂಥಗಳ ಅಭ್ಯಾಸದಿಂದ ಆ ಸೂಚನೆ ಹುಟ್ಟಿತಾದರೂ, ಅದರ ಅವಶ್ಯಕತೆಯನ್ನು ಉಂಟುಮಾಡಿದುದು ಮದ್ದು ತುಂಬುವ ನಿಧಾನವೇ.

4. 1643ರ ಒಂದು ವಾರ

ಪರಿಕರಗಳು ಯುದ್ಧದ ಗತಿಯನ್ನು ಎಷ್ಟರಮಟ್ಟಿಗೆ ನಿರ್ಧರಿಸುತ್ತಿದ್ದುವೆಂಬುದಕ್ಕೆ ಇಂಗ್ಲೆಂಡಿನ ಅಂತರ್ಯುದ್ಧದ ಒಂದು ವಾರದ ಕಥೆಯನ್ನು ಇಲ್ಲಿ ನಿದರ್ಶನವಾಗಿ ಕೊಡುತ್ತೇವೆ. 1643ರ ಜುಲೈ 5ರಂದು ಬಾತ್ ನಗರದ ಬಳಿ ಲ್ಯಾನ್ಸ್‌ಡೌನ್ ಎಂಬ ಗುಡ್ಡದ ಮೇಲೆ ರಾಜಪಕ್ಷದ ರಾಲ್ಫ್ ಹಾಪ್ಟನ್ನನಿಗೂ ಪಾರ್ಲಿಮೆಂಟಿನ ಪಕ್ಷದ ವಿಲಿಯಂ ವಾಲರನಿಗೂ ಕಾಳಗವಾಯಿತು. ಕತ್ತಲಾದ ಮೇಲೆ ವಾಲರನ ಸೈನ್ಯವು ಒಂದು ಗೋಡೆಯ ಹಿಂದೆ ನಿಂತಿದ್ದಿತು. ಗೋಡೆಯುದ್ದಕ್ಕೂ ಬತ್ತಿಗಳ ಕೆಂಡಗಳು ಮಿನುಗುತ್ತಿದ್ದುವು. ರಾಜಪಕ್ಷದವರು ಹೋಗಿ ನೋಡಿದಾಗ ಅಲ್ಲಿ ಬತ್ತಿಗಳು ಮಾತ್ರ ಇದ್ದುವು. ಅವುಗಳನ್ನು ಗೋಡೆಯ ಮೇಲೆ ಉರಿಯಬಿಟ್ಟು ಸೈನ್ಯವು ಸದ್ದಿಲ್ಲದೆ ಹಿಂದಕ್ಕೆ ಸರಿದುಹೋಗಿದ್ದಿತು.

ಮರುದಿನ ಮದ್ದಿನ ಗಾಡಿಯೊಂದು ಸಿಡಿದು ಹಾಪ್ಟನ್ನನೇ ಮೈ ಸುಟ್ಟುಕೊಂಡು ಕೆಲಕಾಲ ಕಣ್ಣು ಕಾಣದವನಾದನು. ಇದ್ದ ಮದ್ದಿನಲ್ಲಿ ಬಹುಭಾಗವೂ ಹೋಯಿತು. ಅವನ ಸೈನ್ಯವು ಡಿವೈಜಸ್ ಎಂಬ ಊರಿಗೆ ಹಿಮ್ಮೆಟ್ಟಿತು. ವಾಲರನು ಬಂದು ಮುತ್ತಿದನು. ಊರಿನೊಳಗೆ ಕೋವಿಗಳಿದ್ದುವು, ಕೋವಿಕಾರರಿದ್ದರು. ಬತ್ತಿ ಮಾತ್ರ ಮುಗಿಯುತ್ತ ಬಂದಿದ್ದಿತು. ಆಗ ಹಾಪ್ಟನ್ನನು ಊರಿನ ಮನೆಮನೆಗೂ ಜನರನ್ನು ಕಳುಹಿಸಿ ಮಂಚಗಳ ಹಗ್ಗವನ್ನೆಲ್ಲ ಬಿಚ್ಚಿ ತರಿಸಿದನು. ಅಂದಿನ ಇಂಗ್ಲಿಷ್ ಮಂಚಗಳಿಗೂ ನಮ್ಮ ಹಳ್ಳಿಯ ಮಂಚಗಳಂತೆ ಹಾಸಿಗೆಯ ಕೆಳಗೆ ಹಗ್ಗದ ಹೆಣಿಗೆಯಿರುತ್ತಿದ್ದಿತು. ಆ ಹಗ್ಗಗಳನ್ನು ಜಜ್ಜಿ, ಕುದಿಸಿ, ಬತ್ತಿಗಳನ್ನಾಗಿ ಮಾಡಿಸಿದನು. ಅದರಿಂದ ಊರು ನಿಂತಿತು. ಜುಲೈ 13ರಂದು ಆಕ್ಸ್‌ಫರ್ಡಿನಿಂದ ಬಂದ ರಾಜಪಕ್ಷದ ಅಶ್ವದಳವು ರೌಂಡ್‌ವೇ ಡೌನ್ ಎಂಬಲ್ಲಿ ವಾಲರನ ಸೈನ್ಯವನ್ನು ಚದರಿಸಿತು. ಇತಿಹಾಸಗ್ರಂಥಗಳಲ್ಲಿ ಉಳಿದುದು ಆ ಅಶ್ವದಳದ ವಿಜಯ. ಮಂಚದ ಹಗ್ಗವಿಲ್ಲದಿದ್ದರೆ ಅಶ್ವದಳವು ಬರುವವರೆಗೆ ಊರು ತಡೆಯುತ್ತಿದ್ದಿತೇ ಎಂಬುದು ಸಂದೇಹಾಸ್ಪದ.

ಏಳು ವರ್ಷಗಳ ತರುವಾಯ ಸ್ಕಾಟ್ಲೆಂಡಿನ ಡನ್‌ಬಾರಿನಲ್ಲಿ ಇದೇ ಬತ್ತಿಯು ವಿರುದ್ಧವಾದ ಫಲವನ್ನು ಕೊಟ್ಟಿತು. 1650ರ ಸೆಪ್ಟೆಂಬರ್ 2ರ ರಾತ್ರಿ ಗಾಳಿ ಮಳೆ. ಬತ್ತಿಯನ್ನು ಉಳಿಸುವ ದೃಷ್ಟಿಯಿಂದ, ಪ್ರತಿ ತುಕಡಿಯಲ್ಲಿ ಇಬ್ಬರ ಹೊರತು ಉಳಿದವರೆಲ್ಲ ಬತ್ತಿಯನ್ನು ಆರಿಸಬಹುದೆಂದು ಸ್ಕಾಟ್ ಪಾಳೆಯದಲ್ಲಿ ಆಜ್ಞೆಯಾಯಿತು. ಬೆಳಗಾಗುವ ಮೊದಲೇ ಕ್ರಾಮ್‌ವೆಲ್ಲನು ಮೇಲೆ ಬಿದ್ದನು. ಕೈಯಲ್ಲಿ ಕೋವಿಯಿದ್ದೂ ಬೆಂಕಿಯಿಲ್ಲದ ಆ ಕಾಲಾಳುಗಳ ಸೋಲು ಸ್ಕಾಟ್ಲೆಂಡಿನ ರಾಜಕೀಯ ಚರಿತ್ರೆಯನ್ನೇ ಬದಲಿಸಿತು. ಕ್ರಾಮ್‌ವೆಲ್ಲನ ಸಮರಚಾತುರ್ಯವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆರಿದ ಬತ್ತಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಆ ಮುಂಜಾವಿನ ಘಟನೆಯನ್ನು ವಿವರಿಸುವುದು ಸಾಧ್ಯವಿಲ್ಲ.

5. ಚಕ್ರ ಮತ್ತು ಚಕಮಕಿ

ಬೆಂಕಿಯನ್ನು ಹೊತ್ತುಕೊಂಡು ತಿರುಗುವ ಬದಲು ಬೇಕಾದ ಕ್ಷಣದಲ್ಲಿ ಕಿಡಿಯನ್ನು ಹುಟ್ಟಿಸುವ ಯಂತ್ರವು 16ನೆಯ ಶತಮಾನದ ಆರಂಭದಲ್ಲಿ ಕಾಣಿಸಿಕೊಂಡಿತು. ಇದರಲ್ಲಿ ಅಂಚು ತರಿತರಿಯಾದ ಉಕ್ಕಿನ ಚಕ್ರವೊಂದು ಬಲವಾದ ಸ್ಪ್ರಿಂಗಿಗೆ ಸಣ್ಣ ಸರಪಳಿಯಿಂದ ಜೋಡಿಸಲ್ಪಟ್ಟಿರುತ್ತದೆ. ಬೇರೆಯಾಗಿರುವ ಒಂದು ಕೈಯಿಂದ, ಗಡಿಯಾರಕ್ಕೆ ಕೀಲಿ ಕೊಡುವಂತೆ, ಚಕ್ರವನ್ನು ತಿರುಗಿಸಿ ಬಿಗಿಮಾಡಬೇಕು. ಕೀಲನ್ನು ಎಳೆದೊಡನೆ ಚಕ್ರವು ಗಿರ್ರನೆ ತಿರುಗಿ, ಕುದುರೆಯು ಕಚ್ಚಿಹಿಡಿದ ಕಬ್ಬಿಣದ ಮಾಕ್ಷಿಕವೆಂಬ ಖನಿಜದ ತುಂಡಿಗೆ ಉಜ್ಜಿ ಕಿಡಿಗಳನ್ನು ರಂಜಕದ ಮೇಲೆ ಸುರಿಸುತ್ತದೆ. ಇದು ಗಡಿಯಾರ ಮಾಡುವವನ ಕುಶಲತೆಯನ್ನು ಬೇಡುವ ಯಂತ್ರ. ಬೆಲೆ ಹೆಚ್ಚು, ಕೆಟ್ಟರೆ ಸಾಮಾನ್ಯ ಕಮ್ಮಾರನಿಂದ ದುರಸ್ತಾಗದು, ತಿರುಗಿಸುವ ಕೈ ಕಳೆದರೆ ಕೋವಿ ನಿರುಪಯುಕ್ತ. ಆದುದರಿಂದ ಕುದುರೆಸವಾರರೂ ಶ್ರೀಮಂತ ಬೇಟೆಗಾರರೂ ಇದನ್ನು ಬಳಸಿದರೇ ಹೊರತು ಕಾಲಾಳುಗಳ ಕೈಗೆ ಇದು ವ್ಯಾಪಕವಾಗಿ ಬರಲಿಲ್ಲ.

ಈ ಯಂತ್ರದಿಂದ ಇನ್ನೊಂದು ಪರಿಣಾಮವೂ ಆಯಿತು. ಬತ್ತಿಯ ಕೋವಿಯನ್ನು ಹೊಗೆಯಿಲ್ಲದೆ, ವಾಸನೆಯಿಲ್ಲದೆ ಬಚ್ಚಿಡುವುದು ಅಸಾಧ್ಯ. ಚಕ್ರದ ಪಿಸ್ತೂಲನ್ನು ಬಿಗಿಮಾಡಿ ಅಂಗಿಯೊಳಗೆ ಅಡಗಿಸಿಕೊಳ್ಳಬಹುದು. ಚಕ್ರವರ್ತಿ ಒಂದನೆಯ ಮ್ಯಾಕ್ಸಿಮಿಲಿಯನ್ 1517ರಲ್ಲಿಯೇ ತನ್ನ ಆಸ್ಟ್ರಿಯದ ಪ್ರಾಂತಗಳಲ್ಲಿ ಇದನ್ನು ನಿಷೇಧಿಸಿದನು. ಆ ಭಯವು ಕೇವಲ ಕಲ್ಪಿತವಲ್ಲವೆಂಬುದು 1584ರ ಜುಲೈ 10ರಂದು ಡೆಲ್ಫ್ಟ್ ನಗರದಲ್ಲಿ ಸಿದ್ಧವಾಯಿತು. ಡಚ್ಚರ ನಾಯಕನಾದ ಆರೆಂಜಿನ ವಿಲಿಯಂ ತನ್ನ ಮನೆಯಲ್ಲಿಯೇ ಇಂತಹ ಪಿಸ್ತೂಲಿನಿಂದ ಹತನಾದನು. ಮೇಲೆ ಹೇಳಿದ ಕವಾಯತಿನ ಸುಧಾರಣೆಗಳನ್ನು ನಡೆಸಿದ ಮಾರಿಸನು ಇವನ ಮಗನೇ.

ಕೊನೆಗೆ ಗೆದ್ದುದು ಬತ್ತಿಯೂ ಅಲ್ಲ, ಚಕ್ರವೂ ಅಲ್ಲ; ಒಲೆ ಹೊತ್ತಿಸಲು ಮನೆಮನೆಯಲ್ಲಿಯೂ ಬಳಸುತ್ತಿದ್ದ ಚಕಮಕಿ. ಕುದುರೆಯ ಬಾಯಲ್ಲಿ ಚಕಮಕಿ ಕಲ್ಲನ್ನು ಕಚ್ಚಿಸಿ, ಸ್ಪ್ರಿಂಗಿನ ಬಲದಿಂದ ಅದು ಉಕ್ಕಿನ ಫಲಕಕ್ಕೆ ಬಡಿಯುವಂತೆ ಮಾಡುವ ಯತ್ನಗಳು 16ನೆಯ ಶತಮಾನದಲ್ಲಿಯೇ ಹಲವು ದೇಶಗಳಲ್ಲಿ ನಡೆದಿದ್ದುವು. ಇದಕ್ಕೆ ಪರಿಪೂರ್ಣವಾದ ರೂಪವು 17ನೆಯ ಶತಮಾನದ ಎರಡನೆಯ ದಶಕದ ಸುಮಾರಿಗೆ ಫ್ರಾನ್ಸಿನಲ್ಲಿ ಬಂದಿತು. ಲಿಸಿಯೂ ಎಂಬ ಊರಿನ ಮಾರೆಂ ಲ ಬೂರ್ಜ್ವಾ ಎಂಬ ಕುಶಲಕರ್ಮಿಗೆ ಅದರ ಕೀರ್ತಿಯನ್ನು ಸಲ್ಲಿಸುವುದುಂಟು. ಇದರಲ್ಲಿ ಕಿಡಿ ಹುಟ್ಟಿಸುವ ಫಲಕವೇ ರಂಜಕದ ಬಟ್ಟಲಿನ ಮುಚ್ಚಳವೂ ಆಗಿರುತ್ತದೆ. ಕಲ್ಲು ಬಡಿದಾಗ ಫಲಕವು ಹಿಂದಕ್ಕೆ ಮಗುಚಿ, ಬಟ್ಟಲು ತೆರೆದು, ಅದೇ ಕ್ಷಣದಲ್ಲಿ ಕಿಡಿಗಳು ಅದರೊಳಗೆ ಬೀಳುವುವು. ಒಳಗಿನ ಗಾಲಿಯಲ್ಲಿ ಎರಡು ಕಚ್ಚುಗಳು: ಒಂದರಲ್ಲಿ ಕುದುರೆಯು ಅರ್ಧ ಎತ್ತಿ ನಿಂತಿರುವುದು, ಆಗ ಕೋವಿ ಹಾರದು, ಇನ್ನೊಂದರಲ್ಲಿ ಪೂರ್ತಿ ಎತ್ತಿ ಹೊಡೆಯಲು ಸಿದ್ಧವಾಗಿರುವುದು. ಮದ್ದು ತುಂಬಿದ ಕೋವಿಯನ್ನು ನಿರ್ಭಯವಾಗಿ ಹೊತ್ತು ನಡೆಯುವುದು ಇದರಿಂದ ಸಾಧ್ಯವಾಯಿತು.

ಇದರ ಫಲವು ಕೇವಲ ಸೌಕರ್ಯವಲ್ಲ. ಉರಿಯುವ ಬತ್ತಿಯು ಹೋದುದರಿಂದ ಸೈನಿಕರು ಭುಜಕ್ಕೆ ಭುಜ ತಗಲುವಂತೆ ನಿಲ್ಲಬಹುದಾಯಿತು. ಅಷ್ಟೇ ಉದ್ದದ ಸಾಲಿನಲ್ಲಿ ಹೆಚ್ಚು ಕೋವಿಗಳು, ಅಷ್ಟೇ ಹೊತ್ತಿನಲ್ಲಿ ಹೆಚ್ಚು ಗುಂಡುಗಳು. ಮದ್ದಿನ ಗಾಡಿಗಳ ಕಾವಲಿಗೆ ಉರಿಯುವ ಬತ್ತಿಯವರನ್ನು ಇಡುವುದು ಅಪಾಯಕರವಾದುದರಿಂದ ಚಕಮಕಿ ಕೋವಿಯನ್ನು ಮೊದಮೊದಲು ಫಿರಂಗಿದಳದ ಕಾವಲುಗಾರರಿಗೆ ಕೊಟ್ಟರು. 1671ರಲ್ಲಿ ಫ್ರಾನ್ಸಿನ ಹದಿನಾಲ್ಕನೆಯ ಲೂಯಿಯು ಇಂತಹ ದಳವೊಂದನ್ನು ಸ್ಥಾಪಿಸಿದನು. 18ನೆಯ ಶತಮಾನದ ಆರಂಭದ ಹೊತ್ತಿಗೆ ಪಶ್ಚಿಮ ಯೂರೋಪಿನ ಸೇನೆಗಳಲ್ಲಿ ಬತ್ತಿಯು ಬಹುಮಟ್ಟಿಗೆ ಮರೆಯಾಯಿತು. ಆದರೆ ಚಕಮಕಿಯೂ ತನ್ನದೇ ಪರಿಕರಗಳನ್ನು ತಂದಿತು. ಕಲ್ಲು ಕೆಲವು ಹತ್ತು ಹೊಡೆತಗಳಿಗೇ ಮೊಂಡಾಗುತ್ತದೆ. ಅದನ್ನು ಚರ್ಮದಲ್ಲೋ ಸೀಸದ ತಗಡಿನಲ್ಲೋ ಸುತ್ತಿ ಕುದುರೆಯ ಬಾಯಲ್ಲಿ ಬಿಗಿಯಬೇಕು. ಹದವಾದ ಕಲ್ಲನ್ನು ಅಳತೆಗೆ ಸರಿಯಾಗಿ ಸೀಳುವ ಕಸಬು ಇಂಗ್ಲೆಂಡಿನ ಬ್ರಾಂಡನ್ ಊರಿನಲ್ಲಿಯೂ ಫ್ರಾನ್ಸಿನ ಶೇರ್ ನದಿಯ ಕಣಿವೆಯಲ್ಲಿಯೂ ಬೆಳೆಯಿತು. ದೊಡ್ಡ ಸೇನೆಗ‍ಳಿಗೆ ಈಗ ಹುರಿಗೆ ಬದಲಾಗಿ ಕಲ್ಲಿನ ಮೂಟೆಗಳು ಬೇಕಾದುವು.

6. ಗಜ, ಕಾಡತೂಸು, ಸಂಗೀನು

ಹೊತ್ತಿಸುವ ಯಂತ್ರದ ಜೊತೆಗೆ ಇನ್ನು ಮೂರು ಪರಿಕರಗಳ ಬದಲಾವಣೆಯನ್ನು ಸಂಗ್ರಹವಾಗಿ ಹೇಳಬೇಕು. ಮದ್ದನ್ನು ಗಟ್ಟಿಸುವ ಗಜವು ಮೊದಲು ಮರದ್ದಾಗಿದ್ದಿತು. ಅವಸರದಲ್ಲಿ ಮುರಿಯುತ್ತಿದ್ದಿತು, ತೇವದಲ್ಲಿ ಉಬ್ಬಿ ಸಿಕ್ಕಿಕೊಳ್ಳುತ್ತಿದ್ದಿತು. ಗಜ ಮುರಿದರೆ ಕೋವಿಯು ದೊಣ್ಣೆಗೆ ಸಮ. ಪ್ರಷ್ಯದ ಸೇನೆಯಲ್ಲಿ ಅನ್‌ಹಾಲ್ಟ್-ಡೆಸ್ಸೌ ಸಂಸ್ಥಾನದ ಲಿಯೋಪೋಲ್ಡನು ಕಬ್ಬಿಣದ ಗಜವನ್ನು ಬಳಕೆಗೆ ತಂದನು. 1741ರ ಏಪ್ರಿಲ್ 10ರಂದು ಮೊಲ್‌ವಿಟ್ಸ್ ಕಾಳಗದಲ್ಲಿ ಪ್ರಷ್ಯದ ಅಶ್ವದಳವು ಸೋತು ಚದರಿದಾಗ ದಿನವನ್ನು ಉಳಿಸಿದುದು ಅದರ ಕಾಲಾಳುಗಳ ವೇಗವಾದ ಗುಂಡಿನ ಮಳೆ. ಆ ವೇಗಕ್ಕೆ ಕವಾಯತಿನೊಡನೆ ಈ ಗಜವೂ ಕಾರಣ.

ಹೆಗಲಪಟ್ಟಿಯ ಕರಡಿಗೆಗಳಿಗೆ ಬದಲಾಗಿ, ಮದ್ದನ್ನೂ ಗುಂಡನ್ನೂ ಒಂದೇ ಕಾಗದದ ಸುರುಳಿಯಲ್ಲಿ ಸುತ್ತಿಟ್ಟ ಕಾಡತೂಸು ಬಂದಿತು. ಸೈನಿಕನು ಅದನ್ನು ಹಲ್ಲಿನಿಂದ ಕಚ್ಚಿ ಹರಿದು, ಸ್ವಲ್ಪ ಮದ್ದನ್ನು ಬಟ್ಟಲಿಗೂ ಉಳಿದುದನ್ನು ನಳಿಗೆಗೂ ಸುರಿದು, ಗುಂಡನ್ನು ಕಾಗದದೊಡನೆ ಗಟ್ಟಿಸುತ್ತಿದ್ದನು. ಮುಂದಿನ ಹಲ್ಲುಗಳು ಗಟ್ಟಿಯಾಗಿರುವುದು ಸಿಪಾಯಿಯ ಅರ್ಹತೆಗಳಲ್ಲೊಂದಾಯಿತು. 1857ರಲ್ಲಿ ನಮ್ಮ ದೇಶದ ಸಿಪಾಯಿಗಳ ಅಸಮಾಧಾನವು ಭುಗಿಲೆದ್ದುದು ಹೊಸ ರೈಫಲ್ಲಿನ ವಿಷಯದಲ್ಲಿ ಅಲ್ಲ, ಅದರ ಕಾಡತೂಸಿಗೆ ಬಳಿದ ಕೊಬ್ಬಿನ ವಿಷಯದಲ್ಲಿ ಎಂಬುದನ್ನು ವಾಚಕರು ನೆನೆಯಬಹುದು.

ಮೂರನೆಯದು ಸಂಗೀನು. ಕೋವಿಕಾರನು ಮದ್ದು ತುಂಬುವಾಗ ಅವನನ್ನು ಕಾಯಲು ಈಟಿಗಾರರು ಬೇಕಾಗಿದ್ದರು. ಕೋವಿಯ ಬಾಯಿಗೇ ಚೂರಿಯ ಹಿಡಿಯನ್ನು ತುರುಕಿ ಅದನ್ನೇ ಈಟಿಯಾಗಿ ಮಾಡಿಕೊಳ್ಳುವ ಉಪಾಯವು 17ನೆಯ ಶತಮಾನದಲ್ಲಿ ಬಂದಿತು. ಆದರೆ ಬಾಯಿ ಮುಚ್ಚಿದ ಕೋವಿಯಿಂದ ಹೊಡೆಯುವಂತಿಲ್ಲ. 1689ರ ಜುಲೈ 27ರಂದು ಸ್ಕಾಟ್ಲೆಂಡಿನ ಕಿಲ್ಲಿಕ್ರಾಂಕಿಯಲ್ಲಿ ಸೇನಾಪತಿ ಹ್ಯೂ ಮೆಕೇಯ ಸೈನಿಕರು ಗುಂಡು ಹೊಡೆದು ಸಂಗೀನನ್ನು ತುರುಕುವಷ್ಟರಲ್ಲಿಯೇ ಗುಡ್ಡಗಾಡಿನ ವೀರರು ಕತ್ತಿ ಹಿರಿದು ಅವರ ಮೇಲೆ ಬಿದ್ದಿದ್ದರು. ಆ ಸೋಲಿನಿಂದ ಪಾಠ ಕಲಿತ ಮೆಕೇ ಸಂಗೀನನ್ನು ಉಂಗುರಗಳಿಂದ ನಳಿಗೆಯ ಹೊರಗೆ ಕೂಡಿಸುವ ಏರ್ಪಾಡು ಮಾಡಿದನು. ನಳಿಗೆಯನ್ನು ಸುತ್ತುವರಿಯುವ ಬಳೆಯುಳ್ಳ ಸಂಗೀನು ಎಲ್ಲೆಡೆಯೂ ಹಬ್ಬಿದ ಮೇಲೆ ಈಟಿಗಾರನು ಅನಾವಶ್ಯಕನಾದನು. ಫ್ರಾನ್ಸಿನಲ್ಲಿ 1703ರಲ್ಲಿ ಈಟಿ ರದ್ದಾಯಿತು. ಒಂದು ಲೋಹದ ಬಳೆಯಿಂದ ಪದಾತಿಯ ರಚನೆಯೇ ಬದಲಾಯಿತು.

7. ಭಾರತದ ಬತ್ತಿಕೋವಿ

ಇಷ್ಟನ್ನು ತಿಳಿದ ಮೇಲೆ ನಮ್ಮ ದೇಶದ ವಿಷಯಕ್ಕೆ ಬರಬಹುದು. ಯೂರೋಪಿನವರು ಬತ್ತಿಯನ್ನು ಬಿಟ್ಟ ನೂರು ವರ್ಷಗಳ ಮೇಲೆಯೂ ಭಾರತದ ಬಹುಭಾಗದಲ್ಲಿ ಬತ್ತಿಕೋವಿಯೇ ಉಳಿದಿದ್ದಿತು. ಇದನ್ನು ಭಾರತೀಯರ ಜಡತೆಗೆ ಅಥವಾ ಅಜ್ಞಾನಕ್ಕೆ ಸಾಕ್ಷಿಯೆಂದು ಅನೇಕರು ಬರೆದಿದ್ದಾರೆ. ಈ ಅಭಿಪ್ರಾಯವನ್ನು ಒಪ್ಪುವುದು ಕಷ್ಟ.

ಕೋವಿಯ ವಿಷಯದಲ್ಲಿ ಇಲ್ಲಿನ ಕುಶಲಕರ್ಮಿಗಳು ಹಿಂದುಳಿದವರಾಗಿರಲಿಲ್ಲ. 1510ರಲ್ಲಿ ಬಿಜಾಪುರದ ಆದಿಲಶಾಹಿಯಿಂದ ಗೋವೆಯನ್ನು ಗೆದ್ದ ಆಲ್ಬುಕರ್ಕನು, ಅಲ್ಲಿಯ ಕೋವಿ ಮಾಡುವವರು ಬೊಹೀಮಿಯದವರಷ್ಟೇ ನಿಪುಣರೆಂದು 1513ರಲ್ಲಿ ತನ್ನ ದೊರೆಗೆ ಬರೆದನು. 1520ರಲ್ಲಿ ಕೃಷ್ಣದೇವರಾಯನು ರಾಯಚೂರನ್ನು ಮುತ್ತಿದಾಗ ನಡೆದುದನ್ನು ಫೆರ್ನಾವ್ ನೂನಿಜ್ ವಿವರಿಸಿದ್ದಾನೆ. ರಾಯನ ಜನರು ಹಾರೆ ಗುದ್ದಲಿಗಳಿಂದ ಕೋಟೆಯ ಕಲ್ಲುಗಳನ್ನು ಕೀಳುತ್ತಿದ್ದರು. ಕ್ರಿಸ್ತೊವಾವ್ ದ ಫಿಗೆರೇದೊ ಎಂಬವನ ಪೋರ್ಚುಗೀಸ್ ಕೋವಿಕಾರರು ಗೋಡೆಯ ಮೇಲೆ ತಲೆದೋರಿದವರನ್ನು ಹೊಡೆಯುತ್ತಿದ್ದರು. ಕೋಟೆಯ ಅಧಿಪತಿಯೇ ಹಣೆಗೆ ಗುಂಡು ತಗಲಿ ಮಡಿದನು. ಅದೇ ಕಾಲದಲ್ಲಿ ವಿಜಯನಗರವನ್ನು ಕಂಡ ದೊಮಿಂಗೊ ಪಾಯೆಸ್, ರಾಯನ ಸೈನ್ಯದ ಪರಿವೀಕ್ಷಣೆಯಲ್ಲಿ ಕೋವಿಕಾರರೂ ಇದ್ದರೆಂದು ಹೇಳುತ್ತಾನೆ. ಅಬುಲ್ ಫಜಲನು ಐನ್-ಇ-ಅಕ್ಬರಿಯಲ್ಲಿ ಬತ್ತಿಯಿಲ್ಲದೆ, ಕುದುರೆಯನ್ನು ಸ್ವಲ್ಪ ಚಲಿಸಿದರೆ ಹಾರುವ ಕೋವಿಗಳು ಅಕ್ಬರನ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದುವೆಂದೂ, ಎತ್ತಿನ ಜಾತಿಯ ಪ್ರಾಣಿಯಿಂದ ತಿರುಗಿಸಿ ಏಕಕಾಲಕ್ಕೆ 16 ನಳಿಗೆಗಳನ್ನು ಶುದ್ಧಮಾಡುವ ಚಕ್ರವಿದ್ದಿತೆಂದೂ ಬರೆದಿದ್ದಾನೆ. ಎಂದಮೇಲೆ ಕಿಡಿಯ ಯಂತ್ರದ ಕಲ್ಪನೆಯು 16ನೆಯ ಶತಮಾನದಲ್ಲಿಯೇ ಇಲ್ಲಿಗೆ ಬಂದಿದ್ದಿತು. ಆದರೂ ಅದು ಹರಡಲಿಲ್ಲ.

ಕಾರಣವನ್ನು ಯಂತ್ರದಲ್ಲಿಯೇ ಹುಡುಕಬೇಕು. ಭಾರತದ ಬತ್ತಿಕೋವಿಯಲ್ಲಿ ಕುದುರೆಯು ಮರದ ಒಡಲಿನ ಸೀಳಿನೊಳಗಿಂದ ಎದ್ದು ಮುಂದಕ್ಕೆ ಬಾಗಿ ಬಟ್ಟಲನ್ನು ಮುಟ್ಟುತ್ತದೆ. ಕೀಲಿಗೂ ಅದಕ್ಕೂ ನಡುವೆ ಒಂದು ಸರಳವಾದ ಸಲಾಕೆಯಷ್ಟೆ. ನಳಿಗೆಯನ್ನು ಪಟ್ಟಿಗಳಿಂದಲೋ ತಂತಿಯಿಂದಲೋ ಮರಕ್ಕೆ ಬಿಗಿದಿರುತ್ತಾರೆ. ಕಿವಿಯ ಸೂಜಿಯು ಅನೇಕ ವೇಳೆ ಸರಪಳಿಯಲ್ಲಿ ಕೋವಿಗೇ ತೂಗುತ್ತಿರುತ್ತದೆ. ಕೆಟ್ಟರೆ ಊರಿನ ಕಮ್ಮಾರ ಬಡಗಿಗಳು ಸರಿಮಾಡಬಹುದು. ಬತ್ತಿಯನ್ನು ಮನೆಯಲ್ಲಿಯೇ ಹೊಸೆಯಬಹುದು. ಚಕಮಕಿಯ ಯಂತ್ರಕ್ಕಾದರೋ ಹದವಾಗಿ ಪಾನಕೊಟ್ಟ ಉಕ್ಕಿನ ಸ್ಪ್ರಿಂಗುಗಳು, ಗಡುಸಾದ ಫಲಕ, ಸಮಾನ ಅಳತೆಯ ಕಲ್ಲುಗಳ ನಿರಂತರ ಪೂರೈಕೆ ಇವೆಲ್ಲ ಬೇಕು. ಮೇಲಾಗಿ, ಚಕಮಕಿಯ ಮುಖ್ಯ ಲಾಭವು ಒತ್ತಾಗಿ ನಿಲ್ಲುವ ಕಾಲಾಳುಗಳ ಸಾಲಿಗೆ ಸಲ್ಲತಕ್ಕದ್ದು. ಬುರುಜಿನ ಮರೆಯಿಂದಲೋ ಪೊದೆಯ ಹಿಂದಿನಿಂದಲೋ ಒಬ್ಬೊಬ್ಬನೇ ಗುರಿಯಿಟ್ಟು ಹೊಡೆಯುವವನಿಗೆ ಉದ್ದನೆಯ ನಳಿಗೆಯ ಬತ್ತಿಕೋವಿಯೇ ಸಾಕು. ಉದ್ದ ನಳಿಗೆಯ ಪ್ರಯೋಜನವನ್ನು ಇಂಗ್ಲಿಷರು 1839ರಿಂದ 1842ರವರೆಗಿನ ಆಫ್ಘನ್ ಯುದ್ಧದಲ್ಲಿ ಅನುಭವದಿಂದ ಅರಿತರು: ಅವರ ಚಕಮಕಿ ಮಸ್ಕೆಟ್ಟಿನ ಗುಂಡು ತಲಪದಷ್ಟು ದೂರದಿಂದ ಆಫ್ಘನರ ಜೆಜೈಲುಗಳು ಅವರನ್ನು ಹೊಡೆಯುತ್ತಿದ್ದುವು.

ಕಾಲಾಳುಗಳ ಒತ್ತು ಸಾಲಿನ ಯುದ್ಧಕ್ರಮವನ್ನು ಸ್ವೀಕರಿಸಿದ ಭಾರತೀಯ ರಾಜ್ಯಗಳು ಚಕಮಕಿಯನ್ನೂ ತಡವಿಲ್ಲದೆ ಸ್ವೀಕರಿಸಿದುವು ಎಂಬುದು ನಮ್ಮ ವಾದಕ್ಕೆ ಬಲವಾದ ಆಧಾರ. ಮಹಾದಜಿ ಸಿಂಧಿಯನು 1784ರಿಂದ ದ ಬ್ವಾಞ್ ಎಂಬ ಸೇನಾನಿಯಿಂದ ಕಟ್ಟಿಸಿದ ಪದಾತಿದಳಗಳು ಇದಕ್ಕೊಂದು ನಿದರ್ಶನ. ಟಿಪ್ಪೂ ಸುಲ್ತಾನನು ಶ್ರೀರಂಗಪಟ್ಟಣದ ಕಾರ್ಖಾನೆಗಳಲ್ಲಿ ಚಕಮಕಿ ಕೋವಿಗಳನ್ನು ಮಾಡಿಸಿದುದು ಇನ್ನೊಂದು. ಹುಲಿಯ ಪಟ್ಟೆಯ ಗುರುತುಗಳುಳ್ಳ, ಪಟ್ಟಣದ ಹೆಸರನ್ನೂ ಅವನದೇ ಶಕೆಯ ವರ್ಷವನ್ನೂ ಕೆತ್ತಿದ ಕೋವಿಗಳು 1799ರ ತರುವಾಯ ಇಂಗ್ಲೆಂಡಿಗೆ ಹೋಗಿ ಅಲ್ಲಿಯ ಸಂಗ್ರಹಗಳಲ್ಲಿ ಸೇರಿವೆ. ಅವುಗಳ ಯಂತ್ರವನ್ನು ನೋಡಿದವರು ಅದನ್ನು ಮಾಡಿದವರನ್ನು ಅಜ್ಞರೆಂದು ಕರೆಯಲಾರರು. ಟಿಪ್ಪುವಿನ ಪತನದ ಕಾರಣಗಳನ್ನು ಹಣ, ರಾಜಕೀಯ ಮೈತ್ರಿ, ಶತ್ರುಗಳ ಒಕ್ಕೂಟ ಇವುಗಳಲ್ಲಿ ಹುಡುಕಬೇಕೇ ಹೊರತು ಕೋವಿಯ ಕುದುರೆಯಲ್ಲಿ ಅಲ್ಲ.

8. ಉಪಸಂಹಾರ

1807ರಲ್ಲಿ ಅಲೆಕ್ಸಾಂಡರ್ ಫಾರ್ಸೈತ್ ಎಂಬ ಸ್ಕಾಟಿಷ್ ಪಾದ್ರಿಯು ಬಡಿದರೆ ಸಿಡಿಯುವ ರಾಸಾಯನಿಕದಿಂದ ಕೋವಿಯನ್ನು ಹೊತ್ತಿಸುವ ಕ್ರಮಕ್ಕೆ ಸನ್ನದು ಪಡೆದನು. ಕೆಲವು ದಶಕಗಳಲ್ಲಿ ರಂಜಕ, ಬಟ್ಟಲು, ಚಕಮಕಿಗಳೆಲ್ಲ ಹಿಂದೆ ಬಿದ್ದುವು. ಅಲ್ಲಿಗೆ ನಮ್ಮ ವಿಷಯದ ಕಾಲಾವಧಿ ಮುಗಿಯುತ್ತದೆ.

ಮೇಲಿನ ಪರಿಶೀಲನೆಯಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಒಂದನೆಯದಾಗಿ, ಕೋವಿಗಳ ಸಂಖ್ಯೆಯೊಂದರಿಂದಲೇ ಸೈನ್ಯದ ಬಲವನ್ನು ಅಳೆಯಲಾಗದು. ಬತ್ತಿ, ಕಲ್ಲು, ಸೀಸ, ಮದ್ದು, ಗಜಗಳ ಪೂರೈಕೆಯನ್ನೂ ಅವುಗಳನ್ನು ಬಳಸುವ ಅಭ್ಯಾಸವನ್ನೂ ಜೊತೆಯಲ್ಲಿ ನೋಡಬೇಕು. ಎರಡನೆಯದಾಗಿ, ಹಳೆಯ ಯಂತ್ರವನ್ನು ಉಳಿಸಿಕೊಂಡ ಜನರನ್ನು ಹಿಂದುಳಿದವರೆಂದು ತೀರ್ಮಾನಿಸುವ ಮೊದಲು, ಆ ಯಂತ್ರವು ಅವರ ಕಮ್ಮಾರಿಕೆಗೂ ಅವರ ಯುದ್ಧಕ್ರಮಕ್ಕೂ ಎಷ್ಟು ಹೊಂದಿಕೊಂಡಿದ್ದಿತೆಂಬುದನ್ನು ವಿಚಾರಿಸಬೇಕು. ವಸ್ತುಸಂಗ್ರಹಾಲಯಗಳಲ್ಲಿ ಕೋವಿಗಳು ಉಳಿದಿವೆ. ಬತ್ತಿಗಳು ಉರಿದುಹೋಗಿವೆ, ಕಾಡತೂಸಿನ ಕಾಗದಗಳು ಹರಿದುಹೋಗಿವೆ. ಆದರೆ ಅವುಗಳ ಲೆಕ್ಕವು ಕೋಟೆಗಳ ಉಗ್ರಾಣದ ಪಟ್ಟಿಗಳಲ್ಲಿಯೂ ಕಡತಗಳ ಖರ್ಚಿನ ಬಾಬುಗಳಲ್ಲಿಯೂ ದೊರೆಯುವುದುಂಟು. ಹುರಿ, ಗಂಧಕ, ಪೆಟ್ಲುಪ್ಪು ಎಂಬ ಪದಗಳು ಕಣ್ಣಿಗೆ ಬಿದ್ದಾಗ ನಮ್ಮ ವಿದ್ಯಾರ್ಥಿಗಳು ಅವುಗಳನ್ನು ದಾಟಿಹೋಗದೆ ನಿಂತು ಓದಬೇಕೆಂಬುದು ನಮ್ಮ ಅಪೇಕ್ಷೆ.